ವಾಟ್ಸ್ ನೆನಪು ಮತ್ತು ಹಾಡಿನ ಹಕ್ಕು

1965ರ ಆಗಸ್ಟ್ 11ರ ಸಂಜೆ, ಲಾಸ್ ಏಂಜಲೀಸ್‌ನ ಕಪ್ಪು ಜನರ ಬಡಾವಣೆ ವಾಟ್ಸ್‌ನ ಬಳಿ ಹೆದ್ದಾರಿ ಪೊಲೀಸರು ಯುವಕನೊಬ್ಬನ ಕಾರು ತಡೆದರು. ಜನ ಸೇರಿದರು, ತಳ್ಳಾಟವಾಯಿತು, ಆಮೇಲೆ ಆರು ದಿನ ಊರು ಉರಿಯಿತು. 34 ಜನ ಸತ್ತರು. ಸುಮಾರು 4 ಕೋಟಿ ಡಾಲರ್ ಆಸ್ತಿ ನಾಶವಾಯಿತು. ಮನೆ ಮಾರಾಟ, ಬಾಡಿಗೆಗಳಲ್ಲಿ ವರ್ಣಭೇದ ತಡೆಯುತ್ತಿದ್ದ ಕಾನೂನನ್ನು ಕ್ಯಾಲಿಫೋರ್ನಿಯಾದ ಮತದಾರರು ಹಿಂದಿನ ವರ್ಷವಷ್ಟೇ ರದ್ದುಮಾಡಿದ್ದರೆಂಬುದನ್ನು ಮರೆಯುವಂತಿಲ್ಲ. ಟಿವಿ ವಾಹಿನಿಯೊಂದು ಹೆಲಿಕಾಪ್ಟರಿನಿಂದ ಹೊಗೆಯನ್ನು ತೋರಿಸಿತು. ಮೇಲಿನಿಂದ ಮುಖಗಳು ಕಾಣುವುದಿಲ್ಲ.

ಮುಖಗಳು ಕಂಡದ್ದು ‘ವಾಟ್‌ಸ್ಟ್ಯಾಕ್ಸ್’ (1973) ಚಿತ್ರದಲ್ಲಿ. ಗಲಭೆಯ ಏಳನೆಯ ವರ್ಷದ ನೆನಪಿಗೆ, 1972ರ ಆಗಸ್ಟ್ 20ರಂದು, ಮೆಂಫಿಸ್‌ನ ಸ್ಟ್ಯಾಕ್ಸ್ ರೆಕಾರ್ಡ್ಸ್ ಸಂಸ್ಥೆ ಲಾಸ್ ಏಂಜಲೀಸ್‌ನ ಕೊಲಿಸಿಯಂ ಕ್ರೀಡಾಂಗಣದಲ್ಲಿ ಸಂಗೀತೋತ್ಸವ ನಡೆಸಿತು. ಟಿಕೆಟ್ಟಿಗೆ ಒಂದೇ ಡಾಲರ್. ಲಕ್ಷಕ್ಕೂ ಮಿಕ್ಕಿ ಜನ. ಬರೀ ಹಾಡುಗಳಿಂದ ಚಿತ್ರವಾಗದು ಎನ್ನಿಸಿ ನಿರ್ದೇಶಕ ಮೆಲ್ ಸ್ಟುವರ್ಟ್ ವಾಟ್ಸ್‌ನ ಜನರ ಮಾತುಗಳನ್ನೂ ಸೆರೆಹಿಡಿದರು. ಕ್ಷೌರದಂಗಡಿಯ ಹರಟೆ, ನಡುನಡುವೆ ಹಾಸ್ಯಗಾರ ರಿಚರ್ಡ್ ಪ್ರಯರ್‌ನ ಕಟಕಿ: ಚಿತ್ರದ ಜೀವ ಇರುವುದು ಇಲ್ಲೇ.

ಒಂದು ದೃಶ್ಯವನ್ನಂತೂ ನಿಧಾನಿಸಿ ನೋಡಬೇಕು. ರೂಫಸ್ ಥಾಮಸ್ ಗುಲಾಬಿ ಬಣ್ಣದ ಚಡ್ಡಿ, ಹೆಗಲುವಸ್ತ್ರ ತೊಟ್ಟು ಹಾಡುತ್ತಿದ್ದಾನೆ. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗುತ್ತಾರೆ. ಲಾಠಿಯಿಲ್ಲ, ಬಂದೂಕಿಲ್ಲ, ಥಾಮಸ್ ತಮಾಷೆಯ ಮಾತಿನಲ್ಲೇ ಅವರನ್ನು ಆಸನಗಳಿಗೆ ಮರಳಿಸುತ್ತಾನೆ. ಕೊಡೆ ಹಿಡಿದ ಒಬ್ಬ ಮಾತ್ರ ಕದಲುವುದಿಲ್ಲ. ಅವನನ್ನು ಛೇಡಿಸಿಯೇ ಸಾಗಹಾಕುತ್ತಾನೆ. 1965ರ ಬಗ್ಗೆ ಈ ಚಿತ್ರ ಹೇಳುವ ಅತ್ಯಂತ ಚುರುಕಾದ ಮಾತು ಇದೇ ಇರಬೇಕು.

ಆದರೆ ನೆನಪಿಗೂ ಮಾಲೀಕರಿದ್ದಾರೆ. ಐಸಾಕ್ ಹೇಯ್ಸ್ ಅಂದು ಹಾಡಿದ ‘ಶಾಫ್ಟ್’ ಚಿತ್ರದ ಗೀತೆಗಳ ಮೇಲೆ ಚಿತ್ರಸಂಸ್ಥೆ ಎಂಜಿಎಂ ಹಕ್ಕು ಚಲಾಯಿಸಿತು. ಉತ್ಸವದ ನಿಜವಾದ ಮುಕ್ತಾಯವನ್ನು ಕತ್ತರಿಸಿ, ಬೇರೆ ಹಾಡನ್ನು ಸ್ಟುಡಿಯೋದಲ್ಲಿ ಚಿತ್ರಿಸಿ ಅಂಟಿಸಬೇಕಾಯಿತು. ಮೂಲ ಮುಕ್ತಾಯ ಪರದೆಗೆ ಬರಲು ಮೂರು ದಶಕ ಹಿಡಿಯಿತು.

ವಾಟ್ಸ್‌ನಲ್ಲೇ ಬೆಳೆದ ಚಾರ್ಲ್ಸ್ ಬರ್ನೆಟ್ ಅವರ ‘ಕಿಲ್ಲರ್ ಆಫ್ ಶೀಪ್’ಗೂ ಇದೇ ಗತಿ. ಕಸಾಯಿಖಾನೆಯ ಕೂಲಿಯೊಬ್ಬನ ದಣಿವು, ಪಾಳು ಜಾಗದಲ್ಲಿ ಕಲ್ಲೆಸೆದು ಆಡುವ ಮಕ್ಕಳು. ಗಲಭೆಯ ಪ್ರಸ್ತಾಪವೇ ಇಲ್ಲ, ಅದರ ನಂತರದ ಬದುಕಷ್ಟೇ. ಹಿನ್ನೆಲೆಯಲ್ಲಿ ಡೈನಾ ವಾಷಿಂಗ್ಟನ್ ಮುಂತಾದವರ ಹಾಡುಗಳು. ಅವುಗಳ ಹಕ್ಕು ಸಿಗದೆ, 1970ರ ದಶಕದಲ್ಲಿ ಮುಗಿದ ಈ ಚಿತ್ರ ಚಿತ್ರಮಂದಿರ ಕಂಡದ್ದು 2007ರಲ್ಲಿ. ಗಲಭೆಗಳ ನೆನಪನ್ನು ಅಧ್ಯಯನ ಮಾಡುವವರು ಚಿತ್ರಗಳ ಜೊತೆ ಹಕ್ಕುಪತ್ರಗಳನ್ನೂ ಓದಬೇಕು. ಬರ್ನೆಟ್ ಚಿತ್ರ ತೆಗೆದದ್ದು ಹತ್ತು ಸಾವಿರ ಡಾಲರಿಗೂ ಕಡಿಮೆ ಹಣದಲ್ಲಿ. ಹಾಡುಗಳ ಹಕ್ಕಿಗೆ ತೆತ್ತದ್ದು ಸುಮಾರು ಒಂದೂವರೆ ಲಕ್ಷ.