ಸರತಿ ಸಾಲು: ಒಂದು ಬ್ರಿಟಿಷ್ ಅಭ್ಯಾಸದ ಚರಿತ್ರೆ



2022ರ ಸೆಪ್ಟೆಂಬರ್ ತಿಂಗಳಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ತೀರಿಕೊಂಡಾಗ, ಅವರ ಶವಪೆಟ್ಟಿಗೆಯನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಸಾರ್ವಜನಿಕ ದರ್ಶನಕ್ಕೆ ಇಡಲಾಗಿತ್ತು. ಥೇಮ್ಸ್ ನದಿಯ ದಡದುದ್ದಕ್ಕೂ ಮೈಲಿಗಟ್ಟಲೆ ಸಾಲು ಬೆಳೆಯಿತು. ಸುಮಾರು ಎರಡೂವರೆ ಲಕ್ಷ ಜನ ಆ ಸಾಲಿನಲ್ಲಿ ನಿಂತರು. ಒಂದು ಹಂತದಲ್ಲಿ ಇಪ್ಪತ್ತನಾಲ್ಕು ಗಂಟೆ ಕಾಯಬೇಕಾದೀತು ಎಂದು ಸರ್ಕಾರವೇ ಎಚ್ಚರಿಸಿತು. ಆದರೂ ಜನ ಮನೆಗೆ ಹೋಗಲಿಲ್ಲ. ಹೆಸರಾಂತ ಫುಟ್‌ಬಾಲ್ ಆಟಗಾರ ಡೇವಿಡ್ ಬೆಕ್‌ಹ್ಯಾಂ ಕೂಡ ಎಲ್ಲರಂತೆ ಹನ್ನೆರಡು ಗಂಟೆಗಳಷ್ಟು ಕಾಲ ಸಾಲಿನಲ್ಲೇ ಇದ್ದ. ಜಗತ್ತು ಇದನ್ನು ನೋಡಿ ಒಂದೇ ಮಾತು ಹೇಳಿತು: 'ಇದು ಬ್ರಿಟಿಷರಿಗೆ ರಕ್ತಗತವಾದ ಗುಣ.'

ರಕ್ತಗತ! ಚರಿತ್ರೆಯ ವಿದ್ಯಾರ್ಥಿಗಳು ಅನುಮಾನದಿಂದ ನೋಡಬೇಕಾದ ಶಬ್ದವಿದು. ಒಂದು ಜನಾಂಗದ ಸ್ವಭಾವವೆಂದು ನಾವು ಕರೆಯುವುದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಸಂದರ್ಭ ಕಲಿಸಿದ್ದೆಷ್ಟು? ಅವರ ಮಿತಭಾಷೆ, ಹವೆಯ ಕುರಿತ ಅವರ ಮುಗಿಯದ ಮಾತು, ಚಹಾದ ಮೇಲಿನ ಅವರ ಮೋಹ ಎಲ್ಲಕ್ಕೂ ಈ ಪ್ರಶ್ನೆ ಕೇಳಬಹುದು. ಇಲ್ಲಿ ಸರತಿ ಸಾಲೊಂದನ್ನೇ ಹಿಡಿದು ನೋಡೋಣ. (ಅಂದಹಾಗೆ, ನಾವು 'ಆಂಗ್ಲರು' ಎಂದು ಒಟ್ಟಾಗಿ ಕರೆದುಬಿಡುವವರಲ್ಲಿ ಸ್ಕಾಟರೂ ವೇಲ್ಸಿನವರೂ ಇದ್ದಾರೆ. ಸ್ಕಾಟ್‌ಲೆಂಡಿನವನನ್ನು ಆಂಗ್ಲನೆಂದರೆ ಅವನು ಮುಖ ಸಿಂಡರಿಸುತ್ತಾನೆ.)

ಮೊದಲಿಗೆ, 'ಕ್ಯೂ' ಎಂಬ ಶಬ್ದವೇ ಇಂಗ್ಲಿಷಿನದಲ್ಲ. ಅದು ಫ್ರೆಂಚ್ ಶಬ್ದ, ಅರ್ಥ 'ಬಾಲ'. ಇತಿಹಾಸಕಾರ ಥಾಮಸ್ ಕಾರ್ಲೈಲ್ 1837ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯ ಚರಿತ್ರೆಯನ್ನು ಪ್ರಕಟಿಸಿದಾಗ, ಪ್ಯಾರಿಸಿನ ರೊಟ್ಟಿ ಅಂಗಡಿಗಳ ಮುಂದೆ ಜನ ತಾವಾಗಿಯೇ ಸಾಲುಗಟ್ಟುವುದನ್ನು ಫ್ರೆಂಚರ ಒಂದು ವಿಶೇಷವೆಂಬಂತೆ ಬಣ್ಣಿಸಿದ. ಬ್ರಿಟಿಷ್ ಓದುಗನಿಗೆ ಆಗ ಅದು ಪರದೇಶದ ನೋಟ! ಹದಿನೆಂಟನೆಯ ಶತಮಾನದ ಲಂಡನ್ ಜನಜಂಗುಳಿಯಂತೂ ತಾಳ್ಮೆಗೆ ಹೆಸರಾದುದಲ್ಲ. 1780ರ ಜೂನ್ ತಿಂಗಳ ಗಾರ್ಡನ್ ದಂಗೆಯಲ್ಲಿ ಜನ ನ್ಯೂಗೇಟ್ ಸೆರೆಮನೆಗೆ ಬೆಂಕಿ ಇಟ್ಟು ಕೈದಿಗಳನ್ನು ಬಿಡಿಸಿದರು. ಸೈನ್ಯ ಗುಂಡು ಹಾರಿಸಿ ನೂರಾರು ಜನ ಸತ್ತರು. ಧಾನ್ಯದ ಬೆಲೆ ಏರಿದಾಗಲೆಲ್ಲ ಊರೂರಿನಲ್ಲಿ ಗಲಭೆ.

ಹಾಗಾದರೆ ಬದಲಾವಣೆ ಯಾವಾಗ ಬಂತು? ಕಾರ್ಖಾನೆಯ ಗಂಟೆ, ರೈಲಿನ ವೇಳಾಪಟ್ಟಿ, ಶಾಲೆಯ ಶಿಸ್ತು ಇವೆಲ್ಲ ನೆಲವನ್ನು ಹದಮಾಡಿರಬೇಕು. ಆದರೆ ನಿಜವಾದ ಶಿಕ್ಷಣ ನಡೆದದ್ದು ಎರಡು ಮಹಾಯುದ್ಧಗಳಲ್ಲಿ. 1917ರ ಕೊನೆಗೆ ಆಹಾರದ ಸಾಲುಗಳು ಎಷ್ಟು ಬೆಳೆದುವೆಂದರೆ ಮರುವರ್ಷ ಸರ್ಕಾರ ಪಡಿತರ ಪದ್ಧತಿಯನ್ನು ತರಬೇಕಾಯಿತು. ಎರಡನೆಯ ಯುದ್ಧದಲ್ಲಿ, 1940ರ ಜನವರಿ 8ರಿಂದ, ಬೆಣ್ಣೆ, ಸಕ್ಕರೆ, ಉಪ್ಪು ಹಚ್ಚಿದ ಹಂದಿಮಾಂಸಗಳಿಗೆ ಪಡಿತರ ಬಂತು. ಅದೇ ಜುಲೈನಲ್ಲಿ ಚಹಾಕ್ಕೂ ಬಂತು: ತಲೆಗೆ ವಾರಕ್ಕೆ ಎರಡು ಔನ್ಸ್, ಅಂದರೆ 57 ಗ್ರಾಂ ಪುಡಿ. ದಿನಕ್ಕೆ ಐದಾರು ಬಟ್ಟಲು ಕುಡಿಯುವವರ ಗತಿಯನ್ನು ಊಹಿಸಿಕೊಳ್ಳಿ. ಈ ಕಡಿತ ಹೋದದ್ದು 1952ರಲ್ಲಿ.

ಇಲ್ಲೊಂದು ಸೂಕ್ಷ್ಮವಿದೆ. ಪಡಿತರದ ಸಾಮಾನಿಗೆ ಪ್ರತಿ ಮನೆಯೂ ಗೊತ್ತಾದ ಅಂಗಡಿಯಲ್ಲಿ ಹೆಸರು ನೋಂದಾಯಿಸಿರುತ್ತಿತ್ತು. ಅವರ ಪಾಲು ಅವರಿಗೆ ಖಾತ್ರಿ. ಪಡಿತರಕ್ಕೆ ಸೇರದ ಮೀನು, ಕೇಕು, ತರಕಾರಿ ಇವುಗಳಿಗೆ ಮಾತ್ರ ಮೊದಲು ಬಂದವರಿಗೆ ಮೊದಲು. ಆದ್ದರಿಂದ ಅತಿ ಬೇಸರದ ಸಾಲುಗಳು ಬೆಳೆದದ್ದು ಅಲ್ಲಿ. ನಿಲ್ಲುತ್ತಿದ್ದವರು ಯಾರು? ಬಹುಪಾಲು ಹೆಂಗಸರು, ಅವರಲ್ಲಿ ಅನೇಕರು ಕಾರ್ಖಾನೆಯ ದುಡಿಮೆ ಮುಗಿಸಿ ಬಂದವರು. ಅವರು ಸಂತೋಷದಿಂದೇನೂ ನಿಲ್ಲುತ್ತಿರಲಿಲ್ಲ. ಸಾಲು ಮತ್ತು ಪಡಿತರಗಳ ವಿರುದ್ಧ 1945ರಲ್ಲಿ ಬ್ರಿಟಿಷ್ ಗೃಹಿಣಿಯರ ಸಂಘವೇ ಹುಟ್ಟಿಕೊಂಡಿತು. ಯುದ್ಧದುದ್ದಕ್ಕೂ ಪಡಿತರವಿಲ್ಲದಿದ್ದ ರೊಟ್ಟಿಗೆ ಯುದ್ಧ ಗೆದ್ದ ಮೇಲೆ, 1946ರಲ್ಲಿ, ಪಡಿತರ ಬಂದಾಗ ಅವರ ಸಿಟ್ಟು ಇನ್ನೂ ಏರಿತು.

ಆದರೂ 'ತಾಳ್ಮೆಯಿಂದ ಸಾಲಿನಲ್ಲಿ ನಿಲ್ಲುವ ಬ್ರಿಟನ್' ಎಂಬ ಚಿತ್ರ ಬಲವಾಗಿ ಬೇರೂರಿದ್ದು ಈ ವರ್ಷಗಳಲ್ಲೇ. ಎಲ್ಲರೂ ಸಮಾನವಾಗಿ ಕಷ್ಟ ಹಂಚಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆ ಯುದ್ಧನಿರತ ಸರ್ಕಾರಕ್ಕೆ ಬೇಕಾಗಿತ್ತು. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ ಯುದ್ಧಕಾಲದಲ್ಲಿ ಇಂಗ್ಲಿಷ್ ಜನರನ್ನು ಕುರಿತು ಬರೆಯುತ್ತ ಈ ಗುಣವನ್ನು ಎತ್ತಿ ಹೇಳಿದ. ಹಂಗೆರಿಯಿಂದ ವಲಸೆ ಬಂದಿದ್ದ ಜಾರ್ಜ್ ಮೈಕ್ಸ್ 1946ರಲ್ಲಿ ಇದನ್ನೇ ನಗೆಯ ವಸ್ತುವನ್ನಾಗಿಸಿದ. ಗೇಲಿಗೊಳಗಾದ ಬ್ರಿಟಿಷರೇ ಆ ಪುಸ್ತಕವನ್ನು ಅಕ್ಕರೆಯಿಂದ ಕೊಂಡರು. ಕಾಳಸಂತೆಯ ಚರಿತ್ರೆ, ಅಂಗಡಿಯ ಹಿಂಬಾಗಿಲ ವ್ಯಾಪಾರದ ಚರಿತ್ರೆ ಈ ಚಿತ್ರದೊಳಗೆ ಬರಲಿಲ್ಲ. 1943ರ ಮಾರ್ಚ್ 3ರ ರಾತ್ರಿ ಲಂಡನ್ನಿನ ಬೆತ್ನಾಲ್ ಗ್ರೀನ್ ಸುರಂಗ ನಿಲ್ದಾಣದ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 173 ಜನ ಸತ್ತದ್ದೂ ಬರಲಿಲ್ಲ. ತಪ್ಪು ಜನರದ್ದೆನ್ನಲಾಗದು: ಮಂದ ಬೆಳಕು, ನಡುವೆ ಹಿಡಿಗಂಬಿಯಿಲ್ಲದ ಮೆಟ್ಟಿಲು, ಕತ್ತಲೆ, ಭಯ. ತನಿಖೆಯ ವರದಿಯನ್ನು ಸರ್ಕಾರ ಯುದ್ಧ ಮುಗಿಯುವವರೆಗೆ ಮುಚ್ಚಿಟ್ಟಿತು.

ಇದೇ 1943ರಲ್ಲಿ, ಇದೇ ಸಾಮ್ರಾಜ್ಯದ ಬಂಗಾಳದಲ್ಲಿ, ಬರಗಾಲ ಮತ್ತು ರೋಗಗಳಿಂದ ಸತ್ತವರು ಸುಮಾರು ಮೂವತ್ತು ಲಕ್ಷವೆಂದು ಅಂದಾಜು. ಕಲ್ಕತ್ತಾದಲ್ಲಿ ಪೂರ್ಣ ಪಡಿತರ ಜಾರಿಗೆ ಬಂದದ್ದು 1944ರಲ್ಲಿ. ಹಳ್ಳಿಗಳಿಂದ ಬಂದವರು ಅಷ್ಟರಲ್ಲಿ ಅದೇ ನಗರದ ಬೀದಿಗಳಲ್ಲಿ ಪ್ರಾಣ ಬಿಟ್ಟಿದ್ದರು. ಸಾಲಿನಲ್ಲಿ ನಿಂತವನು ತಾಳ್ಮೆ ತೋರಬೇಕಾದರೆ ಕೊನೆಯಲ್ಲಿ ತನಗೂ ಏನಾದರೂ ಸಿಗುತ್ತದೆಂಬ ಭರವಸೆ ಬೇಕು. ಲಂಡನ್ನಿನ ಗೃಹಿಣಿಗೆ ಆ ಭರವಸೆಯನ್ನು ಸರ್ಕಾರ ಕೊಟ್ಟಿತ್ತು; ಬಂಗಾಳದ ರೈತನಿಗೆ ಕೊಡಲಿಲ್ಲ. ಶಿಸ್ತು ಬಿಳಿಯರ ಹುಟ್ಟುಗುಣ, ಅದಿಲ್ಲದವರನ್ನು ಆಳಲು ಅವರೇ ತಕ್ಕವರು ಎಂಬ ಮಾತನ್ನು ನಮ್ಮಲ್ಲೂ ಕೆಲವರು ನಂಬಿದ್ದುಂಟು. ನಮ್ಮ ಹಿರಿಯರು ಇಂದಿಗೂ 'ಕಂಟ್ರೋಲ್ ಅಂಗಡಿ' ಎನ್ನುವುದುಂಟಲ್ಲವೇ? ಆ ಹೆಸರು ಯುದ್ಧಕಾಲದ ಹಂಚಿಕೆಯ ನೆನಪು.

ಯುದ್ಧದ ನಂತರ ಸಾಲು ಚುನಾವಣೆಯ ಆಯುಧವಾಯಿತು. 1950ರಲ್ಲಿ ಚರ್ಚಿಲ್, ಲೇಬರ್ ಪಕ್ಷದ ಆಡಳಿತವನ್ನು ಹಂಗಿಸಲು 'ಕ್ಯೂಟೋಪಿಯ' ಎಂಬ ಹೊಸ ಶಬ್ದವನ್ನೇ ಟಂಕಿಸಿದರು: ಸಾಲುಗಳ ಆದರ್ಶ ರಾಜ್ಯ! ಕೊನೆಯ ಪಡಿತರ ರದ್ದಾದದ್ದು 1954ರ ಜುಲೈನಲ್ಲಿ, ಚರ್ಚಿಲ್ಲರೇ ಮತ್ತೆ ಪ್ರಧಾನಿಯಾಗಿದ್ದಾಗ. 1978ರಲ್ಲಿ ಅದೇ ಕನ್ಸರ್ವೇಟಿವ್ ಪಕ್ಷ ನಿರುದ್ಯೋಗಿಗಳ ಹಾವಿನಂಥ ಸಾಲಿನ ಭಿತ್ತಿಚಿತ್ರವನ್ನು ಅಂಟಿಸಿತು. ಮರುವರ್ಷ ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದರು. ತಾವು ಹೆಮ್ಮೆಪಡುವ ಗುಣವೇ ಆಳುವವರ ಅಸಾಮರ್ಥ್ಯಕ್ಕೆ ಸಾಕ್ಷಿಯೂ ಆಗಬಲ್ಲುದೆಂದು ಬ್ರಿಟಿಷ್ ಮತದಾರರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ವಿಚಿತ್ರ. ಪಬ್ ಎಂದು ಕರೆಯುವ ಅವರ ಪಾನಗೃಹಗಳಲ್ಲಿ ಸಾಲು ಕಟ್ಟುವ ವಾಡಿಕೆ ಇರಲಿಲ್ಲ. ಎಲ್ಲರೂ ಮುಂದಿನ ಉದ್ದನೆಯ ಮೇಜಿಗೆ ಒರಗಿ ಅಕ್ಕಪಕ್ಕ ನಿಂತುಬಿಡುತ್ತಾರೆ. ಹೊಸಬನ ಕಣ್ಣಿಗೆ ಬರೀ ಗುಂಪು. ಆದರೆ ಯಾರು ಮೊದಲು ಬಂದರು, ಯಾರು ಅನಂತರ ಬಂದರು ಎಂಬುದು ಬಡಿಸುವವನಿಗೂ ಗೊತ್ತು, ನಿಂತವರಿಗೂ ಗೊತ್ತು. ನೋಟು ಬೀಸಿ ಕೂಗುವವನನ್ನು ಯಾರೂ ಗದರಿಸುವುದಿಲ್ಲ. ಅವನ ಸರದಿ ಮಾತ್ರ ಯಾಕೋ ಬೇಗ ಬರುವುದಿಲ್ಲ.