ಎಂಜಿನ್ ನೀರು ಕುಡಿಯುತ್ತಾ? ಮಂಡ್ಯ ಸೀಮೆಯ ರಸ್ತೆಗಳಿಂದ ಒಂದು ಸಣ್ಣ ಇತಿಹಾಸ

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆಯೂ ಇಲ್ಲ. ಇವತ್ತಿನದು ಕಾರಿನ ಬಾನೆಟ್ ಕೆಳಗಿನ ನೀರಿನ ಕಥೆ. ಶುರುವಾಗಿದ್ದು ನಾಗಮಂಗಲದಿಂದ ಪಾಂಡವಪುರಕ್ಕೆ ಬರುವ ದಾರಿಯಲ್ಲಿ, ಕಳೆದ ಬೇಸಿಗೆ ಮಧ್ಯಾಹ್ನ. ನನ್ನ ಹಳೇ ಪೆಟ್ರೋಲ್ ಕಾರಿನ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು. ಅದು ಮೊದಲ ಸಲವೇನಲ್ಲ. ಎರಡು ತಿಂಗಳಿಂದ ವಾರಕ್ಕೆ ಒಂದು ಲೀಟರ್ ನೀರು ಹಾಕ್ತಾನೇ ಇದ್ದೆ. ಅದಕ್ಕೂ ಮುಂಚೆ ಒಂದು ಗ್ಯಾರೇಜಿನವರು ರೇಡಿಯೇಟರ್ ಸೋರ್ತಿದೆ ಅಂತ ಹೊಸದು ಹಾಕಿ ದುಡ್ಡು ತಗೊಂಡಿದ್ರು. ನೀರು ಇಳಿಯೋದು ಮಾತ್ರ ನಿಂತಿರಲಿಲ್ಲ.

ಮನೆಯಲ್ಲಿ ಹಿರಿಯರು ಹೇಳಿದ್ದು ಒಂದೇ ಮಾತು: ‘ಗಾಡಿ ಅಂದ್ಮೇಲೆ ನೀರು ಕುಡೀತದೆ ಕಣಪ್ಪ.’ ಈ ಮಾತು ಎಲ್ಲಿಂದ ಬಂತು ಅನ್ನೋದೇ ನನ್ನ ಕುತೂಹಲ.

ಅದು ಸುಳ್ಳಲ್ಲ, ಒಂದು ಕಾಲದ ನಿಜ. ಪಾಂಡವಪುರವನ್ನೇ ತಗೊಳ್ಳಿ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಅದನ್ನು ಫ್ರೆಂಚ್ ರಾಕ್ಸ್ ಅಂತ ಕರೆದ್ರು, ರೈಲು ನಿಲ್ದಾಣಕ್ಕೂ ಅದೇ ಹೆಸರು ಇತ್ತು. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಳಿ ಶ್ರೀರಂಗಪಟ್ಟಣದ ದ್ವೀಪ ದಾಟಿದಾಗ ನಮ್ಮ ಜನ ಕಂಡ ಎಂಜಿನ್ ಉಗಿ ಎಂಜಿನ್. ಅದು ನಿಜವಾಗಲೂ ನೀರು ಕುಡಿಯುತ್ತಿತ್ತು. ಕುದಿಸಿ ಉಗಿ ಮಾಡಿ ಹೊಗೆಗೂಡಿನಿಂದ ಹೊರಗೆ ಬಿಡೋದೇ ಅದರ ಕೆಲಸ.

ಮೊದಲ ಕಾರುಗಳೂ ಹಾಗೇ. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ರೇಡಿಯೇಟರ್ ಇರಲಿಲ್ಲ. ಸಿಲಿಂಡರ್ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗ್ತಿತ್ತು, ಅಷ್ಟೇ. 1888ರಲ್ಲಿ ಆತನ ಹೆಂಡತಿ ಬರ್ತಾ ಬೆಂಜ್ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 106 ಕಿ.ಮೀ. ಓಡಿಸಿದಾಗ ದಾರಿಯುದ್ದಕ್ಕೂ ನೀರು ಹುಡುಕಿ ಹುಡುಕಿ ತುಂಬಬೇಕಾಯ್ತು. ನಮ್ಮ ಲೆಕ್ಕದಲ್ಲಿ ಬೆಂಗಳೂರಿಂದ ಮಂಡ್ಯದಷ್ಟು ದೂರ. ವಿಲ್‌ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿ 1901ರ ಮರ್ಸಿಡಿಸ್‌ಗೆ ಕೂರಿಸಿದ ಮೇಲೆ ಅದೇ ನೀರು ಸುತ್ತಿ ಸುತ್ತಿ ಬರೋ ಹಾಗಾಯ್ತು. ಫೋರ್ಡ್ ಮಾಡೆಲ್ ಟಿ ಬಹುಕಾಲ ಪಂಪ್ ಕೂಡ ಇಲ್ಲದೆ ಓಡ್ತು. ಬಿಸಿ ನೀರು ತಾನಾಗಿ ಮೇಲೇಳುತ್ತೆ, ತಣ್ಣಗಾದದ್ದು ಕೆಳಗಿಳಿಯುತ್ತೆ, ಅದೇ ಅದರ ಸೂತ್ರ.

ಆಮೇಲೆ ಬಂತು ನೋಡಿ, ಸ್ಪ್ರಿಂಗ್ ಇರುವ ಮುಚ್ಚಳ. ಇದರ ಬಗ್ಗೆ ಯಾರೂ ಮಾತಾಡಲ್ಲ, ಆದರೆ ನನ್ನ ಪ್ರಕಾರ ಇಡೀ ಕಥೆಯ ತಿರುವು ಇದೇ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತೆ. ಮುಚ್ಚಳ ಬಿಗಿದು ಒತ್ತಡ ಕೊಟ್ಟರೆ ಅದೇ ನೀರು 120ರ ಹತ್ತಿರದವರೆಗೂ ಕುದಿಯಲ್ಲ. ಪ್ರೆಷರ್ ಕುಕ್ಕರ್ ಥರಾನೇ. ಬಿಸಿಯಿದ್ದಾಗ ತಿರುವಿದ್ರೆ ಮುಖಕ್ಕೇ ಹಾರೋದೂ ಅದಕ್ಕೇ. ಈ ಮುಚ್ಚಿದ ವ್ಯವಸ್ಥೆಯಲ್ಲಿ ಎಂಜಿನ್ ನೀರು ಕುಡಿಯೋದಿಲ್ಲ. ಮತ್ತೆ ಮತ್ತೆ ಕಮ್ಮಿಯಾಗ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ.

ಆದರೆ ಅಭ್ಯಾಸ ಬದಲಾಗಲಿಲ್ಲ. ಅಂಬಾಸಿಡರ್, ಲಾರಿ ಕಾಲದಲ್ಲಿ ಪ್ರತಿ ಡ್ರೈವರ್ ಹತ್ರ ಒಂದು ಕ್ಯಾನ್. ವಿಶ್ವೇಶ್ವರಯ್ಯ ನಾಲೆ, ಅಂದ್ರೆ ಹಳಬರ ಇರ್ವಿನ್ ನಾಲೆ ಸಿಕ್ಕಿದ ಕಡೆ ತುಂಬಿಕೊಳ್ಳೋದು. ರೇಡಿಯೇಟರ್ ಸಣ್ಣಗೆ ಸೋರಿದ್ರೆ ಒಂದು ಹಿಡಿ ಅರಿಶಿನ ಪುಡಿ! ನಗಬೇಡಿ, ಕೆಲಸ ಮಾಡ್ತಿತ್ತು. ಪುಡಿ ಉಬ್ಬಿ ತೂತಿಗೆ ಕಚ್ಚಿಕೊಳ್ತಿತ್ತು. ಇವತ್ತಿನ ಕಿರಿದಾದ ನಾಳಗಳಲ್ಲಿ ಅದೇ ಅರಿಶಿನ ತೂತಿನ ಜೊತೆ ದಾರಿಯನ್ನೂ ಮುಚ್ಚುತ್ತೆ.

ನಾಲೆ ನೀರಾದರೂ ಮೆದು. ನಾಗಮಂಗಲ ಕಡೆ, ಕೆ.ಆರ್. ಪೇಟೆಯ ಒಣ ಭಾಗದಲ್ಲಿ ಕೈಗೆ ಸಿಗೋದು ಬೋರ್‌ವೆಲ್ ನೀರು. ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದೇ ಎಂಜಿನ್ ಒಳಗೂ ಕಟ್ಟುತ್ತೆ. ಕೂಲೆಂಟ್ ಅನ್ನೋದು ಬರೀ ಬಣ್ಣದ ನೀರಲ್ಲ. ಅದರಲ್ಲಿರೋ ಗ್ಲೈಕಾಲ್ ಕುದಿಬಿಂದು ಏರಿಸುತ್ತೆ, ಉಳಿದ ಮಿಶ್ರಣ ತುಕ್ಕು ತಡೆಯುತ್ತೆ. ನಾನು ಎರಡು ವರ್ಷ ಹಾಕಿದ್ದು ಬೋರ್‌ವೆಲ್ ನೀರು, ಒಪ್ಕೊಳ್ತೀನಿ.

ಆವತ್ತು ಪಾಂಡವಪುರದ ಒಬ್ಬ ಹಿರಿಯ ಮೆಕ್ಯಾನಿಕ್ ಮುಚ್ಚಳ ಮುಟ್ಟೋಕೆ ಬಿಡಲಿಲ್ಲ. ಟೀ ಕುಡಿದು ಬನ್ನಿ ಅಂದ್ರು. ಎಂಜಿನ್ ತಣ್ಣಗಾದ ಮೇಲೆ ಹೋಸ್ ಜೋಡಣೆಗಳಲ್ಲಿ ಹಸಿರು, ಗುಲಾಬಿ ಕಲೆ ಇದೆಯಾ ನೋಡಿದ್ರು, ವಾಟರ್ ಪಂಪ್ ಅಡಿಯ ಸಣ್ಣ ತೂತಿಗೆ ಬೆರಳಿಟ್ಟು ನೋಡಿದ್ರು, ಪಕ್ಕದ ಸೀಟಿನ ಕೆಳಗಿನ ಮ್ಯಾಟ್ ಮೂಸಿದ್ರು. ಹೀಟರ್ ಕೋರ್ ಸೋರಿದ್ರೆ ಅಲ್ಲಿ ಸಿಹಿ ವಾಸನೆ ಇರುತ್ತಂತೆ. ಎಲ್ಲೂ ಏನಿಲ್ಲ. ಕೆಳಗೆ ತೊಟ್ಟಿಕ್ಕಿದ್ದು ಬರೀ ಎ.ಸಿ. ನೀರು. ಆಮೇಲೆ ಮುಚ್ಚಳದ ಜಾಗಕ್ಕೆ ಒಂದು ಕೈಪಂಪ್, ಮೀಟರ್ ಕೂರಿಸಿ ಗಾಳಿ ಒತ್ತಿದ್ರು.

ಇಲ್ಲಿ ಇತಿಹಾಸದ ಒಂದು ಎಳೆ ಇದೆ. ತಣ್ಣಗಿರುವಾಗಲೇ ಒತ್ತಡ ಕೊಟ್ಟು ಸೋರಿಕೆ ಹಿಡಿಯೋ ಉಪಾಯ ಕಾರಿಗಿಂತ ಹಳೆಯದು, ಉಗಿ ಬಾಯ್ಲರ್ ಕಾಲದ್ದು. ದೇಶದಲ್ಲಿ 1923ರ ಬಾಯ್ಲರ್ ಕಾಯ್ದೆ ಬಂತು, 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು. ಬಾಯ್ಲರ್‌ಗೆ ತಣ್ಣೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಿ, ಮುಳ್ಳು ನಿಲ್ಲುತ್ತಾ ಅಂತ ನೋಡೋದು ಆ ಕಸುಬಿನ ಪಾಠ. ಕಬ್ಬಿನ ಕಾರ್ಖಾನೆಗಳ ನಾಡಿನಲ್ಲಿ ಈ ವಿದ್ಯೆ ಹೊಸದೇನಲ್ಲ.

ನನ್ನ ಕಾರಿನ ಮುಳ್ಳು ನಿಧಾನಕ್ಕೆ ಇಳೀತು, ಹೊರಗೆ ಮಾತ್ರ ಒಂದು ಹನಿ ಇಲ್ಲ. ಹಾಗಾದ್ರೆ ನೀರು ಒಳಗೇ ಹೋಗ್ತಿರಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿದ್ರು. ಮೂರು ಕಂದು ಬಣ್ಣ, ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ. ಮತ್ತೆ ಪ್ಲಗ್ ಕೂರಿಸಿ, ಎಂಜಿನ್ ಓಡಿಸಿ, ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದೊಳಗೆ ಹಾಯಿಸಿದ್ರು. ಹಳದಿಗೆ ತಿರುಗ್ತು. ಉರಿದ ಪೆಟ್ರೋಲಿನ ಇಂಗಾಲದ ಡೈ ಆಕ್ಸೈಡ್ ನೀರಿಗೆ ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ. ಪದೇ ಪದೇ ಕಾದು ಹೆಡ್ ಸೊಟ್ಟಗಾಗಿತ್ತು. ರೇಡಿಯೇಟರ್‌ಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಬೈಪಾಸ್. ಮುಳ್ಳು ಏರಿದ್ರೆ ಕ್ಯಾನ್ ಹಿಡಿದು ಓಡೋಕೆ ಪಕ್ಕದಲ್ಲಿ ಹೋಟೆಲಿಲ್ಲ, ಬೇಲಿ ಇದೆ. ನೂರರ ವೇಗದಲ್ಲಿ ಹೆಡ್ ಸೊಟ್ಟಗಾಗೋಕೆ ಕೆಲವೇ ನಿಮಿಷ ಸಾಕು.

ಈಗ ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಟ್ಯಾಂಕಿನ ಗೆರೆ ನೋಡ್ತೀನಿ. ಹೆಡ್ ಮಟ್ಟ ಮಾಡಿಸಿದ ಮೇಲೆ ಇನ್ನೂ ಇಳಿದಿಲ್ಲ. ಡಿಕ್ಕಿಯಲ್ಲಿದ್ದ ನೀರಿನ ಕ್ಯಾನ್ ಅಮ್ಮ ತುಳಸಿ ಗಿಡಕ್ಕೆ ಇಟ್ಕೊಂಡಿದ್ದಾರೆ. ಮುಂದಿನ ವಾರ ಸಿಗೋಣ.