ಪೊಲೀಸ್ ಉತ್ತರದಾಯಿತ್ವ ಮತ್ತು ಪ್ರಜಾವಿಶ್ವಾಸ: ಕಲಬುರಗಿ ಪ್ರದೇಶ

ಪೊಲೀಸ್ ಉತ್ತರದಾಯಿತ್ವ: ದಂಡಶಕ್ತಿಯನ್ನು ಕೈಯಲ್ಲಿ ಹಿಡಿದ ಅಧಿಕಾರಿಯು ತಾನು ಮಾಡಿದ ಕಾರ್ಯಕ್ಕೂ, ಮಾಡಬೇಕಾಗಿದ್ದು ಮಾಡದೆ ಬಿಟ್ಟ ಕಾರ್ಯಕ್ಕೂ, ಶಾಸನದ ಮುಂದೆ, ನ್ಯಾಯಾಲಯದ ಮುಂದೆ, ಕಡೆಗೆ ಯಾರ ರಕ್ಷಣೆಗೆಂದು ತಾನು ನಿಯುಕ್ತನಾಗಿರುವನೋ ಆ ಪ್ರಜೆಗಳ ಮುಂದೆ ಉತ್ತರ ಹೇಳಲು ಬಾಧ್ಯನಾಗಿರುವ ವ್ಯವಸ್ಥೆ. ಈ ಬಾಧ್ಯತೆಯು ನಿತ್ಯವ್ಯವಹಾರದಲ್ಲಿ ಕಾಣಿಸಿಕೊಂಡಾಗ ಜನರಲ್ಲಿ ಮೂಡುವ ಭರವಸೆಯೇ ಪ್ರಜಾವಿಶ್ವಾಸ. ಇವೆರಡರಲ್ಲಿ ಮೊದಲನೆಯದಿಲ್ಲದೆ ಎರಡನೆಯದು ಹುಟ್ಟುವುದಿಲ್ಲ; ಭಯದಿಂದ ವಿಧೇಯತೆಯನ್ನು ಪಡೆಯಬಹುದೇ ಹೊರತು ವಿಶ್ವಾಸವನ್ನು ಪಡೆಯಲಾಗದು.

ಕಲಬುರಗಿಯಲ್ಲಿ ಈ ವಿಷಯಕ್ಕೆ ವಿಶೇಷವಾದ ಮಹತ್ತ್ವವುಂಟು. 2019ರಲ್ಲಿ ನಗರಕ್ಕೆ ಪ್ರತ್ಯೇಕ ಪೊಲೀಸ್ ಆಯುಕ್ತಾಲಯ ಸ್ಥಾಪಿತವಾದಂದಿನಿಂದ ಜೇವರ್ಗಿ ಕಾಲೋನಿಯಂಥ ನಗರದ ಬಡಾವಣೆಯ ನಿವಾಸಿಯು ಆಯುಕ್ತರ ಆಡಳಿತಕ್ಕೂ, ಹೊಸ ತಾಲ್ಲೂಕು ಕೇಂದ್ರವಾದ ಕಮಲಾಪುರದ ನಿವಾಸಿಯು ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರ ಆಡಳಿತಕ್ಕೂ ಒಳಪಟ್ಟಿರುವನು. ಆಯುಕ್ತಾಲಯ ಪದ್ಧತಿಯಲ್ಲಿ, ಮೊದಲು ಜಿಲ್ಲಾಧಿಕಾರಿಯ ಕೈಯಲ್ಲಿದ್ದ ನಿಷೇಧಾಜ್ಞೆ ಮೊದಲಾದ ದಂಡಾಧಿಕಾರದ ಅಂಶಗಳು ಪೊಲೀಸ್ ಆಯುಕ್ತರಿಗೆ ಬರುತ್ತವೆ. ಅಧಿಕಾರವು ಒಂದೇ ಕಡೆ ಸಾಂದ್ರವಾದಷ್ಟೂ ಅದನ್ನು ಪ್ರಶ್ನಿಸುವ ಮಾರ್ಗಗಳು ಸುಗಮವಾಗಿರಬೇಕಾದುದು ಅವಶ್ಯ.

ಚಾರಿತ್ರಿಕ ಹಿನ್ನೆಲೆ

ಕಲಬುರಗಿ ಪ್ರಾಂತ್ಯವು 1948ರ ವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1853ರಿಂದ 1883ರ ವರೆಗೆ ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗನು ಸಂಸ್ಥಾನದ ಆಡಳಿತವನ್ನು ಜಿಲ್ಲಾವಾರು ವಿಂಗಡಿಸಿ ಪೊಲೀಸ್ ಇಲಾಖೆಗೊಂದು ಕ್ರಮವನ್ನು ತಂದನು. ಜಿಲ್ಲೆಗೆ ಮೊಹತಮಿಮ್, ಠಾಣೆಗೆ ಅಮೀನ, ಊರಿಗೆ ವಂಶಪಾರಂಪರ್ಯವಾಗಿ ಬಂದ ಪೊಲೀಸ್ ಪಾಟೀಲ, ಹೀಗೆ ಅಧಿಕಾರದ ಶ್ರೇಣಿಯಿತ್ತು. ಕಂದಾಯದ ಹೊಣೆ ಮಾಲಿ ಪಾಟೀಲನದು. ಇಂದಿಗೂ ಈ ಭಾಗದ ಎಷ್ಟೋ ಮನೆತನಗಳಿಗೆ ಈ ಎರಡು ಪದವಿಗಳೇ ಅಡ್ಡಹೆಸರುಗಳಾಗಿ ಉಳಿದಿವೆ. ಊರಿನ ಗೌಡನೇ ಊರಿನ ಪೊಲೀಸನಾಗಿದ್ದ ಆ ಕಾಲದಲ್ಲಿ, ಗೌಡನ ಮೇಲೆಯೇ ದೂರಿದ್ದ ಬಡರೈತನಿಗೆ ಹೋಗಲು ದಾರಿಯಿರಲಿಲ್ಲ. ಹೇಗೋ ಠಾಣೆಯ ಮೆಟ್ಟಿಲು ಹತ್ತಿದರೂ ಅಲ್ಲಿನ ಬರವಣಿಗೆ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ಕನ್ನಡವನ್ನು ಮಾತ್ರ ಬಲ್ಲವನು ತನ್ನ ಫಿರ್ಯಾದಿಯಲ್ಲಿ ಏನನ್ನು ಬರೆದಿದ್ದಾರೆಂಬುದನ್ನು ಅರಿಯದೆ ಹೆಬ್ಬೆಟ್ಟು ಒತ್ತಿ ಬರಬೇಕಾಗಿತ್ತು.

ಬ್ರಿಟಿಷ್ ಭಾರತದ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. 1857ರ ದಂಗೆಯ ನಂತರ ರೂಪುಗೊಂಡ 1861ರ ಪೊಲೀಸ್ ಕಾಯಿದೆಯು ಪ್ರಜೆಗಳ ಸೇವೆಗಿಂತ ಪ್ರಭುತ್ವದ ರಕ್ಷಣೆಯನ್ನೇ ಮುಖ್ಯವಾಗಿ ಎಣಿಸಿತು. ಪೊಲೀಸ್ ಅಧಿಕಾರಿಯ ಮುಂದೆ ಆಪಾದಿತನು ಮಾಡಿದ ತಪ್ಪೊಪ್ಪಿಗೆಯು ಅವನ ವಿರುದ್ಧ ಸಾಕ್ಷ್ಯವಾಗಲಾರದೆಂದು 1872ರ ಸಾಕ್ಷ್ಯ ಕಾಯಿದೆ ವಿಧಿಸಿತು. ಅದರ ಸ್ಥಾನದಲ್ಲಿ ಬಂದಿರುವ ಹೊಸ ಸಾಕ್ಷ್ಯ ಅಧಿನಿಯಮವೂ ಆ ನಿಯಮವನ್ನು ಉಳಿಸಿಕೊಂಡಿದೆ. ಅಂದರೆ ಶಾಸನವೇ ಪೊಲೀಸರ ಮೇಲೆ ಪೂರ್ಣ ಭರವಸೆ ಇರಿಸಲಿಲ್ಲ. 1902ರಲ್ಲಿ ಆಂಡ್ರೂ ಫ್ರೇಸರನ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗವು, ಪೊಲೀಸರನ್ನು ಜನ ಭ್ರಷ್ಟರೆಂದೂ ಪೀಡಕರೆಂದೂ ಭಾವಿಸಿರುವರೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿತು.

ಸಂಸ್ಥಾನದ ಕೊನೆಯ ದಿನಗಳಲ್ಲಿ ನಿಜಾಮನ ಆಳ್ವಿಕೆಯನ್ನು ಉಳಿಸಲು ನಿಂತ ರಜಾಕಾರರೆಂಬ ಖಾಸಗಿ ದಳದ ಹಾವಳಿಯಿಂದ ಹಳ್ಳಿಗಳು ತತ್ತರಿಸುತ್ತಿದ್ದಾಗ ನಿಜಾಮನ ಪೊಲೀಸರು ಪ್ರಜೆಗಳಿಗೆ ಆಸರೆಯಾಗಲಿಲ್ಲ. 1948ರ ಸೆಪ್ಟೆಂಬರ್ 13ರಂದು ಆರಂಭವಾಗಿ 17ರಂದು ನಿಜಾಮನ ಶರಣಾಗತಿಯನ್ನು ಪಡೆದ ಭಾರತದ ಸೈನಿಕ ಕಾರ್ಯಾಚರಣೆಯು ಜನರ ಬಾಯಲ್ಲಿ ‘ಪೊಲೀಸ್ ಆಕ್ಷನ್’ ಎಂದೇ ನಿಂತಿತು. ಅದರ ಬೆನ್ನಲ್ಲಿಯೇ ಮುಸಲ್ಮಾನ ಪ್ರಜೆಗಳ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಲು ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ (ಇಂದಿನ ಕಲಬುರಗಿ), ಬೀದರಗಳನ್ನೂ ಹೆಸರಿಸಿತು. ಹೀಗೆ ಒಂದೇ ವರ್ಷದ ಅವಧಿಯಲ್ಲಿ ಇಲ್ಲಿನ ಹಿಂದೂ, ಮುಸಲ್ಮಾನ ಸಮುದಾಯಗಳೆರಡೂ, ಬೇರೆ ಬೇರೆ ತಿಂಗಳುಗಳಲ್ಲಿ, ರಕ್ಷಕರಿಲ್ಲದ ಸ್ಥಿತಿಯನ್ನು ಕಂಡವು. ಈ ನೆಲದಲ್ಲಿ ಖಾಕಿಯನ್ನು ಕಂಡು ಹಿಂಜರಿಯುವ ಹಿರಿಯರ ಮನಸ್ಸಿನ ಹಿಂದೆ ಇಂಥ ನೆನಪುಗಳಿವೆಯೆಂಬುದನ್ನು ಮರೆಯಲಾಗದು.

ಶಾಸನದ ಚೌಕಟ್ಟು

1956ರ ಏಕೀಕರಣದ ನಂತರ, ಮೈಸೂರು, ಮುಂಬಯಿ, ಹೈದರಾಬಾದ್ ಮೊದಲಾದ ಪ್ರಾಂತ್ಯಗಳ ಬೇರೆ ಬೇರೆ ಕಾಯಿದೆಗಳ ಸ್ಥಾನದಲ್ಲಿ ಇಡೀ ರಾಜ್ಯಕ್ಕೆ 1963ರ ಪೊಲೀಸ್ ಅಧಿನಿಯಮವು ಬಂದಿತು. ಅದೇ ವರ್ಷ ವಂಶಪಾರಂಪರ್ಯದ ಗ್ರಾಮ ಹುದ್ದೆಗಳೂ ರದ್ದಾದುವು. ಪೊಲೀಸ್ ಪಾಟೀಲನು ಶಾಸನದಿಂದ ಮರೆಯಾದನು. ಆದರೆ ಈ ಅಧಿನಿಯಮದ 170ನೆಯ ಪ್ರಕರಣವು, ಕರ್ತವ್ಯದ ಹೆಸರಿನಲ್ಲಿ ಪೊಲೀಸರು ಮಾಡಿದ ಕಾರ್ಯದ ಬಗ್ಗೆ ಮೊಕದ್ದಮೆ ಹೂಡಲು ಸರಕಾರದ ಪೂರ್ವಾನುಮತಿ ಬೇಕೆಂದು ವಿಧಿಸುತ್ತದೆ. ಕೃತ್ಯಕ್ಕೂ ಕರ್ತವ್ಯಕ್ಕೂ ಯುಕ್ತವಾದ ಸಂಬಂಧವಿದ್ದಲ್ಲಿ, ಅಧಿಕಾರಿ ಮಿತಿ ಮೀರಿದ್ದರೂ ಈ ರಕ್ಷಣೆ ಸಲ್ಲುವುದೆಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ್ದೇ ಆದ ಒಂದು ಪ್ರಕರಣದಲ್ಲಿ 2020ರಲ್ಲಿ ತೀರ್ಪಿತ್ತಿತು. ನಿಷ್ಠಾವಂತ ಅಧಿಕಾರಿಯನ್ನು ದ್ವೇಷದ ದಾವೆಗಳಿಂದ ಕಾಪಾಡುವ ಈ ಕವಚವೇ, ಅನುಮತಿ ನೀಡುವ ಕೈ ಸಡಿಲವಾಗಿರದಿದ್ದರೆ, ನೊಂದವನಿಗೆ ಮುಚ್ಚಿದ ಬಾಗಿಲೂ ಆಗಬಲ್ಲದು.

ತುರ್ತು ಪರಿಸ್ಥಿತಿಯ ಅನುಭವದ ನಂತರ 1977ರಲ್ಲಿ ಧರ್ಮವೀರರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗವು 1981ರ ವೇಳೆಗೆ ಎಂಟು ವರದಿಗಳನ್ನು ಒಪ್ಪಿಸಿತಾದರೂ ಅವು ಕಪಾಟಿನಲ್ಲಿಯೇ ಉಳಿದುವು. ಕಡೆಗೆ 2006ರ ಸೆಪ್ಟೆಂಬರ್ 22ರಂದು, ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಅವರು ಹೂಡಿದ್ದ ದಾವೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಏಳು ನಿರ್ದೇಶನಗಳನ್ನು ನೀಡಿತು. ಅಧಿಕಾರಿಗಳಿಗೆ ನಿಶ್ಚಿತ ಅಧಿಕಾರಾವಧಿ, ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸುವಿಕೆ, ವರ್ಗಾವಣೆಗಳಿಗೆ ಇಲಾಖೆಯದೇ ಆದ ಮಂಡಳಿ, ರಾಜ್ಯಮಟ್ಟದಲ್ಲಿಯೂ ಜಿಲ್ಲಾಮಟ್ಟದಲ್ಲಿಯೂ ಪೊಲೀಸ್ ದೂರು ಪ್ರಾಧಿಕಾರ, ಇವು ಅವುಗಳಲ್ಲಿ ಮುಖ್ಯವಾದುವು. ಕರ್ನಾಟಕವು 2012ರ ತಿದ್ದುಪಡಿಯ ಮೂಲಕ ದೂರು ಪ್ರಾಧಿಕಾರಗಳನ್ನು ತನ್ನ ಅಧಿನಿಯಮದೊಳಕ್ಕೆ ಸೇರಿಸಿಕೊಂಡಿತು.

ದೂರಿನ ದಾಖಲೆ ಮತ್ತು ಸ್ಟೇಷನ್ ಬಜಾರ್ ಪ್ರಕರಣ

ಸಾಮಾನ್ಯ ಪ್ರಜೆಗೆ ಪೊಲೀಸ್ ವ್ಯವಸ್ಥೆಯೆಂದರೆ ಆಯುಕ್ತರಲ್ಲ, ಮಹಾನಿರ್ದೇಶಕರಲ್ಲ. ಠಾಣೆಯ ಮೇಜಿನ ಆಚೆ ಕುಳಿತು ತನ್ನ ಮಾತನ್ನು ಬರೆದುಕೊಳ್ಳುವ ಇಲ್ಲವೆ ಬರೆದುಕೊಳ್ಳದ ಒಬ್ಬ ಮನುಷ್ಯ. ದೂರನ್ನು ಕೇಳಿ ‘ನಮ್ಮ ಹದ್ದಿಗೆ ಬರುವುದಿಲ್ಲ’ ಎನ್ನುವುದು, ಅರ್ಜಿಯ ವಿಚಾರಣೆಯೆಂದು ತಿಂಗಳುಗಟ್ಟಲೆ ಎಳೆಯುವುದು, ರಾಜಿ ಮಾಡಿಸಿ ಹಿಂಬರಹ ಕೊಟ್ಟು ಕಳುಹಿಸುವುದು, ಇವೆಲ್ಲ ಠಾಣೆಗೆ ಹೋಗಿ ಬಂದವರಿಗೆ ಪರಿಚಿತವಾದ ಸಂಗತಿಗಳು. ವಾರಂಟಿಲ್ಲದೆ ಬಂಧಿಸಬಹುದಾದ ಸಂಜ್ಞೇಯ ಅಪರಾಧದ ಮಾಹಿತಿ ಬಂದೊಡನೆ ಎಫ್.ಐ.ಆರ್. ಎಂದು ಎಲ್ಲರೂ ಕರೆಯುವ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್ 12ರಂದು ತೀರ್ಪು ನೀಡಿದ ಮೇಲೂ ಈ ರೂಢಿಗಳು ಪೂರ್ಣವಾಗಿ ಅಳಿಯಲಿಲ್ಲ.

2020ರಲ್ಲಿ ಇದಕ್ಕೆ ಕಲಬುರಗಿಯಲ್ಲಿಯೇ ಒಂದು ಉದಾಹರಣೆ ದೊರೆಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮಗ ಕಾಣೆಯಾದನೆಂದು ತಾಂಡಾವೊಂದರ ನಿವಾಸಿಯಾದ ತಾಯಿಯೊಬ್ಬರು ನಗರದ ಸ್ಟೇಷನ್ ಬಜಾರ್ ಠಾಣೆಗೆ ಹೋದರು. ಘಟನೆ ನಡೆದ ಸ್ಥಳವು ತಮ್ಮ ವ್ಯಾಪ್ತಿಗೆ ಸೇರದೆಂಬ ಕಾರಣದಿಂದ ಅಲ್ಲಿ ಎಫ್.ಐ.ಆರ್. ದಾಖಲಾಗಲಿಲ್ಲ, ಠಾಣಾ ದಿನಚರಿಯಲ್ಲಿಯೂ ಆ ತಾಯಿಯ ಮಾತು ಒಂದು ಸಾಲಾಗಿ ಬೀಳಲಿಲ್ಲ. ಆಕೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಮಗನನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂದು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ನ್ಯಾಯಮೂರ್ತಿಗಳಾದ ಎಸ್. ಸುನೀಲ್ ದತ್ ಯಾದವ್ ಮತ್ತು ಪಿ. ಕೃಷ್ಣ ಭಟ್ ಅವರ ಪೀಠವು ಡಿಸೆಂಬರಿನಲ್ಲಿ ನೀಡಿದ ಆದೇಶದಲ್ಲಿ, ಯಾವ ಠಾಣೆಯ ವ್ಯಾಪ್ತಿಗೆ ಸೇರಿದ ಘಟನೆಯೇ ಆಗಿರಲಿ, ಮಾಹಿತಿ ಬಂದ ಠಾಣೆಯು ಅದನ್ನು ಶೂನ್ಯ ಸಂಖ್ಯೆಯ ಎಫ್.ಐ.ಆರ್. ಆಗಿ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸತಕ್ಕದ್ದೆಂಬುದನ್ನು ಸ್ಪಷ್ಟಪಡಿಸಿತು. ಜಿಲ್ಲೆಯ ಪೊಲೀಸರಿಗೆ ಈ ವಿಷಯದಲ್ಲಿ ಕಾರ್ಯಾಗಾರ ನಡೆಸಬೇಕೆಂದು ಸೂಚಿಸಿತು. ಮತ್ತು ಠಾಣಾಧಿಕಾರಿಯು ಸಮುದಾಯ ಸೇವೆಯಾಗಿ ಒಂದು ವಾರ ತನ್ನ ಠಾಣೆಯ ಮುಂದಿನ ರಸ್ತೆಯನ್ನು ಸ್ವಚ್ಛಗೊಳಿಸತಕ್ಕದ್ದೆಂದು ವಿಧಿಸಿತು.

ಈ ಆದೇಶದ ಮಹತ್ತ್ವವು ಅದರ ಶಿಕ್ಷೆಯ ಕಾಠಿಣ್ಯದಲ್ಲಿಲ್ಲ. ಒಬ್ಬ ಬಡ ತಾಯಿಯ ದೂರನ್ನು ಬರೆದುಕೊಳ್ಳದಿರುವುದೂ ಕರ್ತವ್ಯಚ್ಯುತಿಯೇ ಎಂಬುದನ್ನು, ಆ ಕರ್ತವ್ಯಚ್ಯುತಿ ನಡೆದ ಊರಿನಲ್ಲಿಯೇ, ಜನ ಓಡಾಡುವ ಬೀದಿಯಲ್ಲಿಯೇ ಕಾಣಿಸಿಕೊಟ್ಟದ್ದರಲ್ಲಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಖಾಯಂ ಆದ ಈ ಪೀಠವು ಇಲ್ಲಿ ಇಲ್ಲದೆ ಹೋಗಿದ್ದರೆ, ಆಕೆ ಅರ್ಜಿ ಹಿಡಿದು ದೂರದ ಬೆಂಗಳೂರಿಗೆ ಹೋಗಬೇಕಾಗುತ್ತಿತ್ತು. ನ್ಯಾಯಾಲಯದ ಸಾಮೀಪ್ಯವೂ ಉತ್ತರದಾಯಿತ್ವದ ಒಂದು ಅಂಗವೆಂಬುದು ಇದರಿಂದ ವಿದಿತವಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣವು, ಅಪರಾಧವು ಯಾವ ಪ್ರದೇಶದಲ್ಲಿ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಬೇಕೆಂಬುದನ್ನು ಶಾಸನದ ಮಾತಾಗಿಯೇ ಸೇರಿಸಿದೆ. ದೂರುದಾರನಿಗೆ ಅದರ ಪ್ರತಿಯನ್ನು ಉಚಿತವಾಗಿ ಕೊಡತಕ್ಕದ್ದು. ಠಾಣಾಧಿಕಾರಿ ನಿರಾಕರಿಸಿದರೆ ಸೂಪರಿಂಟೆಂಡೆಂಟರಿಗೂ, ಅಲ್ಲಿಯೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರಿಗೂ ಮೊರೆಯಿಡಬಹುದು.

ನೇಮಕಾತಿಯ ಹಗರಣ

ವಿಶ್ವಾಸಕ್ಕೆ ಇದಕ್ಕಿಂತಲೂ ಆಳವಾದ ಪೆಟ್ಟು ಬಿದ್ದುದು ಪೊಲೀಸ್ ಸಬ್ ಇನ್‌ಸ್ಪೆಕ್ಟರುಗಳ ನೇಮಕಾತಿಯಲ್ಲಿ. 545 ಹುದ್ದೆಗಳಿಗಾಗಿ 2021ರ ಅಕ್ಟೋಬರ್ 3ರಂದು ರಾಜ್ಯಾದ್ಯಂತ ನಡೆದ ಲಿಖಿತ ಪರೀಕ್ಷೆಯನ್ನು ಐವತ್ತು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳು ಬರೆದರು. ಕಲಬುರಗಿಯ ಖಾಸಗಿ ಶಾಲೆಯೊಂದರ ಪರೀಕ್ಷಾ ಕೇಂದ್ರದಲ್ಲಿ ನಡೆದ ಅಕ್ರಮದ ಕುರಿತು 2022ರ ಏಪ್ರಿಲಿನಲ್ಲಿ ಸಿ.ಐ.ಡಿ. ತನಿಖೆ ಆರಂಭವಾಯಿತು. ಒಬ್ಬ ಅಭ್ಯರ್ಥಿಯ ಬಳಿ ಉಳಿದಿದ್ದ ಉತ್ತರಪತ್ರಿಕೆಯ ಕಾರ್ಬನ್ ಪ್ರತಿಯಲ್ಲಿ ನೂರು ಪ್ರಶ್ನೆಗಳ ಪೈಕಿ ಇಪ್ಪತ್ತೊಂದಕ್ಕೆ ಮಾತ್ರ ಉತ್ತರದ ಗುರುತಿದ್ದು, ಇಲಾಖೆಯ ಕೈಗೆ ಸೇರಿದ ಮೂಲ ಪ್ರತಿಯಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರ ತುಂಬಿತ್ತೆಂಬ ಸಂಗತಿಯು ಪ್ರಕರಣದ ಎಳೆಯನ್ನು ಬಿಡಿಸಿತು. ಕೆಳದರ್ಜೆಯ ಸಿಬ್ಬಂದಿಯಿಂದ ಮೊದಲ್ಗೊಂಡು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಮಹಾನಿರ್ದೇಶಕರವರೆಗೆ ಬಂಧನಗಳಾದುವು. ಸರಕಾರವು 2022ರ ಏಪ್ರಿಲ್ 29ರಂದು ಪರೀಕ್ಷೆಯನ್ನೇ ರದ್ದುಪಡಿಸಿತು. 2023ರ ನವೆಂಬರಿನಲ್ಲಿ ಹೈಕೋರ್ಟು ಆ ಕ್ರಮವನ್ನು ಎತ್ತಿಹಿಡಿದು ಸ್ವತಂತ್ರ ಸಂಸ್ಥೆಯಿಂದ ಮರುಪರೀಕ್ಷೆ ನಡೆಸಬೇಕೆಂದಿತು. 2024ರ ಜನವರಿ 23ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಮರುಪರೀಕ್ಷೆ ನಡೆಸಿತು.

ಆಪಾದಿತರಲ್ಲಿ ಯಾರ ದೋಷವೆಷ್ಟೆಂಬುದು ನ್ಯಾಯಾಲಯಗಳ ನಿರ್ಣಯಕ್ಕೆ ಬಿಟ್ಟ ವಿಷಯ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದ ಈ ಪ್ರಸಂಗದಲ್ಲಿ ನಿಜವಾಗಿ ನೊಂದವರು, ಹಗಲಿರುಳೆನ್ನದೆ ಓದಿ ನ್ಯಾಯವಾಗಿ ಉತ್ತೀರ್ಣರಾಗಿದ್ದ, ಮತ್ತೆ ಪರೀಕ್ಷೆ ಬರೆಯಬೇಕಾಗಿ ಬಂದ ಹಳ್ಳಿಗಾಡಿನ ಯುವಕ ಯುವತಿಯರು. ಹಣ ಕೊಟ್ಟು ಹುದ್ದೆ ಹಿಡಿದವನು ಆ ಹಣವನ್ನು ಠಾಣೆಗೆ ಬರುವ ಬಡವನಿಂದಲೇ ಮರಳಿ ಪಡೆಯಲು ತೊಡಗುವನಾದ್ದರಿಂದ, ನೇಮಕಾತಿಯ ಶುದ್ಧಿಯು ಉತ್ತರದಾಯಿತ್ವದ ಬುನಾದಿ.

ದೂರಿನ ಮಾರ್ಗಗಳು

ಪೊಲೀಸರ ವಿರುದ್ಧವೇ ದೂರಿದ್ದಾಗ ಪ್ರಜೆಗೆ ಹಲವು ದ್ವಾರಗಳುಂಟು. ವಶದಲ್ಲಿದ್ದಾಗಿನ ಸಾವು, ತೀವ್ರ ಗಾಯ, ಅತ್ಯಾಚಾರಗಳಂಥ ಘೋರ ದುರ್ನಡತೆಗೆ ದೂರು ಪ್ರಾಧಿಕಾರ; ಸುಲಿಗೆ, ಜಮೀನು ಮನೆಗಳ ಕಬಳಿಕೆ, ಅಧಿಕಾರದ ಘೋರ ದುರ್ಬಳಕೆಗಳನ್ನು ವಿಚಾರಿಸುವ ಹೊಣೆಯನ್ನೂ ಸರ್ವೋಚ್ಚ ನ್ಯಾಯಾಲಯವು ಜಿಲ್ಲಾ ಪ್ರಾಧಿಕಾರಕ್ಕೆ ಒಪ್ಪಿಸಿತ್ತು. ಲಂಚದ ದೂರಿಗೆ ಲೋಕಾಯುಕ್ತವಿದೆ. 2016ರಲ್ಲಿ ಅದರಿಂದ ಕಸಿದು ಭ್ರಷ್ಟಾಚಾರ ನಿಗ್ರಹ ದಳಕ್ಕೆ ಕೊಟ್ಟಿದ್ದ ತನಿಖಾಧಿಕಾರವನ್ನು ಹೈಕೋರ್ಟು 2022ರ ಆಗಸ್ಟ್ 11ರಂದು ಲೋಕಾಯುಕ್ತಕ್ಕೇ ಮರಳಿಸಿತು. ಹಕ್ಕುಗಳ ಉಲ್ಲಂಘನೆಗೆ ರಾಜ್ಯ ಮಾನವ ಹಕ್ಕುಗಳ ಆಯೋಗವಿದೆ. ಬಂಧನದ ವೇಳೆ ಪಾಲಿಸಬೇಕಾದ ಹನ್ನೊಂದು ನಿಯಮಗಳನ್ನು 1996ರ ಡಿ.ಕೆ. ಬಸು ತೀರ್ಪು ಗೊತ್ತುಪಡಿಸಿತು. ಪ್ರತಿ ಠಾಣೆಯಲ್ಲಿಯೂ, ಲಾಕಪ್ಪಿನಲ್ಲಿಯೂ ಸಿ.ಸಿ. ಕ್ಯಾಮರಾ ಇರತಕ್ಕದ್ದೆಂದು 2020ರ ಡಿಸೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಮಾರ್ಗಗಳು ಇಷ್ಟಿದ್ದರೂ, ದೂರು ಪ್ರಾಧಿಕಾರವೆಂಬುದೊಂದು ಉಂಟೆಂಬುದನ್ನೇ ಅರಿಯದ ಪ್ರಜೆಗೆ ಅದರಿಂದ ಪ್ರಯೋಜನವಿಲ್ಲ. ಅದರ ವಿಳಾಸವನ್ನು ಪ್ರತಿ ಠಾಣೆಯ ಗೋಡೆಯ ಮೇಲೂ ಕನ್ನಡದಲ್ಲಿ, ಇಲ್ಲಿ ಉರ್ದುವಿನಲ್ಲಿಯೂ, ದಪ್ಪಕ್ಷರಗಳಲ್ಲಿ ಬರೆಸಿಡುವುದು ಅಲ್ಪವೆಚ್ಚದ, ಬಹುಫಲದ ಸುಧಾರಣೆ.

ಗಸ್ತು ಮತ್ತು ಸಿಬ್ಬಂದಿ

2017ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಸುಧಾರಿತ ಗಸ್ತು ವ್ಯವಸ್ಥೆಯು ಪ್ರತಿ ಗಸ್ತಿಗೂ ಒಬ್ಬ ಪೇದೆಯನ್ನು ಹೊಣೆಗಾರನನ್ನಾಗಿ ಮಾಡಿ, ಬಡಾವಣೆಯ ನಾಗರಿಕರನ್ನು ಅವನೊಡನೆ ಸೇರಿಸಿತು. ಮೇಲಧಿಕಾರಿಗೆ ಮಾತ್ರ ಉತ್ತರ ಹೇಳುತ್ತಿದ್ದ ಪೇದೆಯು ತನ್ನ ಗಸ್ತಿನ ಜನರಿಗೂ ಮುಖ ತೋರಿಸಬೇಕಾದದ್ದು ಅದರ ತಿರುಳು. ಶರಣಬಸವೇಶ್ವರರ ಜಾತ್ರೆ, ಖಾಜಾ ಬಂದೇನವಾಜರ ಉರುಸುಗಳಿಗೆ ಬಂದೋಬಸ್ತು ಮಾಡುವ ಈ ನಗರದ ಪೊಲೀಸರಿಗೆ ಜನರೊಡನೆ ಬೆರೆತು ಕೆಲಸ ಮಾಡುವುದು ಹೊಸತೇನಲ್ಲ.

ಪೊಲೀಸರ ಕಷ್ಟವನ್ನೂ ಇಲ್ಲಿ ಹೇಳದಿದ್ದರೆ ವಿಷಯಕ್ಕೆ ನ್ಯಾಯ ಸಲ್ಲದು. 2022ರ ಸೆಪ್ಟೆಂಬರಿನಲ್ಲಿ ಗಾಂಜಾ ಜಾಲದ ಬೆನ್ನುಹತ್ತಿ ಮಹಾರಾಷ್ಟ್ರದ ಗಡಿಯೊಳಕ್ಕೆ ಹೋದ ಕಲಬುರಗಿ ಜಿಲ್ಲೆಯ ವೃತ್ತ ನಿರೀಕ್ಷಕರೊಬ್ಬರು ಗುಂಪಿನ ಹಲ್ಲೆಗೆ ಗುರಿಯಾಗಿ ಪ್ರಾಣಾಪಾಯಕ್ಕೆ ಸಿಲುಕಿದರು. 2023ರ ಜೂನಿನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅಕ್ರಮ ಮರಳಿನ ಟ್ರ್ಯಾಕ್ಟರನ್ನು ತಡೆಯಹೋಗಿ ಅದರಡಿ ಸಿಕ್ಕಿ ಅಸುನೀಗಿದರು. ಸಂಬಳ, ರಜೆ, ವಸತಿಗಳ ಕೊರತೆಯಿಂದ 2016ರಲ್ಲಿ ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆಯ ಮಾತೆತ್ತಿದುದೂ, ವೇತನ ಪರಿಷ್ಕರಣೆಗೆ ರಾಘವೇಂದ್ರ ಔರಾದ್ಕರ್ ಸಮಿತಿಯ ಶಿಫಾರಸುಗಳು ಹೊರಟುದೂ ಇದೇ ಕಥೆಯ ಭಾಗ. ತನ್ನ ಇಲಾಖೆಯಲ್ಲಿ ತನಗೇ ನ್ಯಾಯ ಕಾಣದವನಿಂದ ಪರರಿಗೆ ನ್ಯಾಯವನ್ನು ನಿರೀಕ್ಷಿಸುವುದು ಕಷ್ಟ.

ಸಮೀಕ್ಷೆ

ಕಲಬುರಗಿಯ ಅನುಭವವು ತಿಳಿಸುವುದೇನೆಂದರೆ, ಆಯೋಗ ಪ್ರಾಧಿಕಾರಗಳು ಎಷ್ಟಿದ್ದರೂ ಉತ್ತರದಾಯಿತ್ವದ ಮೊದಲನೆಯ ಮೆಟ್ಟಿಲು ಠಾಣೆಯ ದಿನಚರಿಯ ಪುಸ್ತಕವೇ ಎಂಬುದು. ಬರೆದುಕೊಂಡ ದೂರಿಗೆ ದಿನಾಂಕವುಂಟು, ಸಂಖ್ಯೆಯುಂಟು, ಬರೆದವನ ಸಹಿಯುಂಟು. ಅದನ್ನು ಮೇಲಧಿಕಾರಿ ಪರೀಕ್ಷಿಸಬಹುದು, ಮ್ಯಾಜಿಸ್ಟ್ರೇಟರು ತರಿಸಿಕೊಳ್ಳಬಹುದು, ಹೈಕೋರ್ಟು ಪ್ರಶ್ನಿಸಬಹುದು. ಬರೆದುಕೊಳ್ಳದ ದೂರಿನ ಬಗ್ಗೆ, ಆ ತಾಯಿಯಂತೆ ಪೀಠದವರೆಗೆ ಹೋಗುವ ಛಲ ಎಲ್ಲರಲ್ಲಿಯೂ ಇರುವುದಿಲ್ಲವಾದ್ದರಿಂದ, ಯಾರೂ ಯಾರಿಗೂ ಉತ್ತರ ಹೇಳಬೇಕಾಗಿ ಬರುವುದಿಲ್ಲ. ಆದಕಾರಣ ದಾಖಲಾದ ಪ್ರಕರಣಗಳ ಸಂಖ್ಯೆ ಏರಿತೆಂದು ಠಾಣಾಧಿಕಾರಿಯನ್ನು ದೂಷಿಸುವ ವಾಡಿಕೆಯನ್ನು ಬಿಟ್ಟು, ಬಂದ ದೂರುಗಳಲ್ಲಿ ಎಷ್ಟನ್ನು ಬರೆದುಕೊಂಡನೆಂಬುದರಿಂದಲೇ ಅವನ ಕಾರ್ಯವನ್ನು ಅಳೆಯುವುದು ಸರಕಾರವು ಕೈಗೊಳ್ಳಬೇಕಾದ ಪ್ರಥಮ ಸುಧಾರಣೆಯಾಗಿದೆ.